ಊರಿಗೆ ಯಜಮಾನನಾರು?

ರಾಜಾ ರಾಮಮೋಹನ ರಾಯರು 1833ರಲ್ಲಿ ದೇಹವನ್ನು ಬಿಟ್ಟುದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಅಲ್ಲಿಯ ಪೌರಭವನದ ಬಳಿಯ ಹುಲ್ಲುಬಯಲಿನಲ್ಲಿ ಅವರ ಪ್ರತಿಮೆ ನಿಂತಿದೆ. ಆ ಭವನದೊಳಗೆ ಸುಮಾರು ಹನ್ನೆರಡು ವರ್ಷ ನಡೆದ ಒಂದು ಪ್ರಯೋಗದ ವಿಚಾರವನ್ನು ಈ ಹೊತ್ತು ಶ್ರೋತೃಗಳಲ್ಲಿ ಅರಿಕೆಮಾಡಬೇಕೆಂದಿದ್ದೇನೆ. ಪೌರಾಡಳಿತದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸಿದರೆ ಅವರಿಗೆ ಊರಿನ ಕಾರ್ಯದಲ್ಲಿ ಆಸಕ್ತಿ ಹುಟ್ಟೀತೇ ಎಂಬುದೇ ಆ ಪ್ರಯೋಗ.

ಮೊದಲು ಪುರಪಿತೃಗಳು ತಮ್ಮೊಳಗೊಬ್ಬನನ್ನು ನಾಯಕನನ್ನಾಗಿ ಆರಿಸುತ್ತಿದ್ದರು. ಪಕ್ಷಗಳ ಬಲಾಬಲ ತಿರುಗಿದಂತೆ ನಾಯಕನೂ ಬದಲಾಗುತ್ತಿದ್ದನು. ಬೀದಿಯ ಜನರಿಗೆ ಅವನ ಹೆಸರೇ ತಿಳಿಯದೆಂದು ಸುಧಾರಕರು ದೂರುತ್ತಿದ್ದರು. (ಚಿನ್ನದ ಸರ ಧರಿಸಿ ಸಮಾರಂಭಗಳಿಗೆ ಬರುವ ಲಾರ್ಡ್ ಮೇಯರರು ಬೇರೆ, ಅವರದು ಗೌರವಪದವಿ.) 2012ರ ಮೇ ತಿಂಗಳಲ್ಲಿ ಹತ್ತು ನಗರಗಳಲ್ಲಿ ಈ ವಿಷಯವಾಗಿ ಜನಮತಸಂಗ್ರಹ ನಡೆಯಿತು. ಒಂಬತ್ತು ನಗರಗಳು ಬೇಡವೆಂದುವು. ಬ್ರಿಸ್ಟಲ್ ಒಂದೇ ಬೇಕೆಂದಿತು. ಆದರೆ ಆ ಒಪ್ಪಿಗೆ ಎಂತಹುದು? ನೂರು ಮತದಾರರಲ್ಲಿ ಮತವಿತ್ತವರು 24 ಮಂದಿ. ಅವರಲ್ಲಿ ಸುಮಾರು 13 ಮಂದಿ ಬೇಕೆಂದರು, 11 ಮಂದಿ ಬೇಡವೆಂದರು. ಉಳಿದವರು ಮನೆಯಲ್ಲಿಯೇ ಇದ್ದರು.

ಅದೇ ನವೆಂಬರಿನಲ್ಲಿ ಜಾರ್ಜ್ ಫರ್ಗುಸನ್ ಎಂಬ ವಾಸ್ತುಶಿಲ್ಪಿ ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದರು. ಸದಾ ಕೆಂಪು ಷರಾಯಿ ತೊಡುವ ಇವರನ್ನು ಗುರುತಿಸಲು ಯಾರಿಗೂ ಕಷ್ಟವಿರಲಿಲ್ಲ. ಮನೆಗಳ ಮುಂದಿನ ಬೀದಿಗಳಲ್ಲಿ ಮೋಟಾರು ನಿಲ್ಲಿಸಲು ಪರವಾನಗಿ ಬೇಕೆಂಬ ಕಟ್ಟಳೆಯನ್ನು ಇವರು ಹಲವು ಬಡಾವಣೆಗಳಿಗೆ ವಿಸ್ತರಿಸಿದಾಗ ಊರೆಲ್ಲ ಗದ್ದಲವೆದ್ದಿತು. ನನ್ನ ಮಟ್ಟಿಗೆ ಆ ಗದ್ದಲವೇ ಪ್ರಯೋಗದ ಉತ್ತಮ ಫಲ. ಯಾರನ್ನು ಬಯ್ಯಬೇಕೆಂಬುದು ಜನರಿಗೆ ತಿಳಿದಿತ್ತು. ಬಯ್ಯುವುದೂ ಒಂದು ಬಗೆಯ ಆಸಕ್ತಿಯೇ ಅಲ್ಲವೆ? ಮೊದಲ ಚುನಾವಣೆಯಲ್ಲಿ ನೂರಕ್ಕೆ 28 ಮಂದಿ ಮತವಿತ್ತಿದ್ದರೆ, 2016ರಲ್ಲಿ ಸುಮಾರು 45 ಮಂದಿ ಇತ್ತರು. ಲೇಬರ್ ಪಕ್ಷದ ಮಾರ್ವಿನ್ ರೀಸ್ ಗೆದ್ದರು. ಪುರಪಿತೃಗಳ ಚುನಾವಣೆಯೂ ಅದೇ ದಿನ ನಡೆದುದರಿಂದ, ಈ ಏರಿಕೆಯ ಕೀರ್ತಿಯನ್ನೆಲ್ಲ ಮೇಯರ್ ಪದವಿಗೇ ಕಟ್ಟುವುದು ಸಲ್ಲದು.

ತೊಡಕು ಇದ್ದುದು ಬೇರೆಡೆಯಲ್ಲಿ. ಮೇಯರರು ಮಂಡಿಸಿದ ಆಯವ್ಯಯವನ್ನು ತಿದ್ದಲು ಪರಿಷತ್ತಿನ ಮೂರರಲ್ಲಿ ಎರಡು ಪಾಲು ಮತಗಳು ಬೇಕು. 70 ಮಂದಿಯ ಪರಿಷತ್ತಿನಲ್ಲಿ 24 ಮಂದಿ ಜೊತೆಗಿದ್ದರೆ ಮಿಕ್ಕ 46 ಮಂದಿಯ ತಿದ್ದುಪಡಿ ಸಾಗದು. ತನ್ನ ಕೇರಿಯ ಚರಂಡಿಯ ವಿಚಾರವಾಗಿ ಒಬ್ಬ ಗೃಹಸ್ಥನು ತನ್ನ ಪ್ರತಿನಿಧಿಯ ಬಾಗಿಲು ತಟ್ಟಿದನೆನ್ನಿ. ಆ ಪ್ರತಿನಿಧಿ ಮಾಡಬಹುದಾದುದೆಲ್ಲ ಮೇಯರರಿಗೆ ಬಿನ್ನಹ. ಒಬ್ಬನ ಹೆಸರು ಎಲ್ಲರಿಗೂ ತಿಳಿಯಿತು, ನಿಜ. ಆದರೆ ನೆರೆಮನೆಯಲ್ಲಿದ್ದವನ ಕೈ ಬರಿದಾಯಿತು. ನಾಲ್ಕು ಲಕ್ಷಕ್ಕೂ ಮೀರಿದ ಜನರುಳ್ಳ ಊರಿನಲ್ಲಿ ಎಲ್ಲರೂ ಮೇಯರರ ಬಾಗಿಲಿಗೇ ಹೋಗಲಾದೀತೇ?

2022ರ ಮೇ ತಿಂಗಳಲ್ಲಿ ಮತ್ತೆ ಜನರನ್ನು ಕೇಳಲಾಯಿತು. ಮತವಿತ್ತವರಲ್ಲಿ ನೂರಕ್ಕೆ 59 ಮಂದಿ ಆ ಪದವಿಯೇ ಬೇಡವೆಂದರು. ಆದರೆ ಈ ಸಲವೂ ಮತವಿತ್ತವರು ನೂರಕ್ಕೆ 29 ಮಂದಿ ಮಾತ್ರ! ಪದವಿಯನ್ನು ಕಟ್ಟುವಾಗಲೂ ಕೆಡಹುವಾಗಲೂ ಊರಿನ ಬಹುಭಾಗ ಮೌನವಾಗಿತ್ತು. ಯಜಮಾನನನ್ನು ಆರಿಸುವ ರೀತಿಯನ್ನು ಬದಲಾಯಿಸಿದ ಮಾತ್ರಕ್ಕೆ ಈ ಮೌನ ಒಡೆಯುವುದೆಂದು ಎರಡು ಕಡೆಯವರೂ ನಂಬಿದ್ದುದು ನನಗೆ ಆಶ್ಚರ್ಯವೆನಿಸುತ್ತದೆ.

2024ರ ಮೇ ತಿಂಗಳಲ್ಲಿ ಅಧಿಕಾರವು ಪುರಪಿತೃಗಳ ಸಮಿತಿಗಳಿಗೆ ಮರಳಿತು. ಆಗಿನ ಚುನಾವಣೆಯಲ್ಲಿ ಗ್ರೀನ್ ಪಕ್ಷದವರು 34 ಸ್ಥಾನಗಳನ್ನು ಪಡೆದರು. ಬಹುಮತಕ್ಕೆ ಇನ್ನೆರಡು ಬೇಕಿದ್ದುವು. ಆದುದರಿಂದ ಅನ್ಯಪಕ್ಷದವರೊಡನೆ ಕುಳಿತು ಮಾತನಾಡಿಯೇ ಅವರು ಕೆಲಸವನ್ನು ಆರಂಭಿಸಬೇಕಾಯಿತು.