ಎಡೆಬಿಡದ ಪ್ರಯಾಣ

(ಮುಂಬಯಿಯಲ್ಲಿ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ವೇದಿಕೆಯ ಮೇಲಿದ್ದಾರೆ. ನಾನು ಒಂದು ಹಡಗಿನ ಕಥೆಯನ್ನು ತಮ್ಮ ಮುಂದೆ ಬಿನ್ನವಿಸುತ್ತೇನೆ. ಹೊಟ್ಟೆಪಾಡಿಗಾಗಿ ತವರು ಬಿಟ್ಟು ಈ ನಗರವನ್ನು ಸೇರಿದ ನಮ್ಮಂಥವರಿಗೆ ಅದು ಅಷ್ಟೇನೂ ದೂರದ ಕಥೆಯಲ್ಲ.

೧೯೦೮ರಲ್ಲಿ ಕೆನಡಾ ಸರಕಾರ ಒಂದು ನಿಯಮವನ್ನು ಮಾಡಿತು. ಆ ದೇಶದಲ್ಲಿ ನೆಲಸಲು ಬರುವವರು ತಾವು ಹುಟ್ಟಿದ ಅಥವಾ ಪ್ರಜೆಗಳಾಗಿರುವ ದೇಶದಿಂದ, ಹೊರಡುವ ಮೊದಲೇ ಕೊಂಡ ಟಿಕೆಟಿನ ಮೇಲೆ, ಎಡೆಬಿಡದೆ ಪ್ರಯಾಣ ಮಾಡಿ ಬಂದಿರಬೇಕು. ಇದರಲ್ಲಿ ಹಿಂದೂಸ್ಥಾನದವರ ಹೆಸರೇ ಇಲ್ಲ, ನೋಡಿ! ಆದರೆ ಹಿಂದೂಸ್ಥಾನದಿಂದ ಅಲ್ಲಿಗೆ ಹಾಗೆ ನೇರವಾದ ಟಿಕೆಟು ಸಿಕ್ಕದಂತೆ ನೋಡಿಕೊಂಡಿದ್ದರು. ಬಾಗಿಲನ್ನು ತೆರೆದಿಟ್ಟು ಮೆಟ್ಟಿಲನ್ನು ಕಿತ್ತಂತಾಯಿತು. ಸಾಲದೆಂದು ಏಷ್ಯದವರ ಕೈಯಲ್ಲಿ ೨೦೦ ಡಾಲರು ಇರಬೇಕೆಂಬ ಕಟ್ಟಳೆ ಬೇರೆ. ಹೆಸರು ಹೇಳಿಯೇ ಏಕೆ ತಡೆಯಲಿಲ್ಲ ಎಂದರೆ, ಆಗ ನಾವೂ ಅವರೂ ಒಬ್ಬನೇ ಅರಸನ ಪ್ರಜೆಗಳು. ಬಹಿರಂಗವಾಗಿ ‘ನೀವು ಬೇಡ’ ಎಂದರೆ ಸಾಮ್ರಾಜ್ಯದ ಮಾನ ಹೋಗುತ್ತಿತ್ತು!

ಈ ನಿಯಮವನ್ನು ಒರೆಗೆ ಹಚ್ಚಬೇಕೆಂದು ಹೊರಟವರು ಬಾಬಾ ಗುರುದಿತ್ ಸಿಂಗ್. ಅವರು ‘ಕೊಮಗಾಟ ಮಾರು’ ಎಂಬ ಜಪಾನೀ ಹಡಗನ್ನು ಬಾಡಿಗೆಗೆ ಹಿಡಿದು, ೧೯೧೪ರ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನಿಂದ ಹೊರಟು, ದಾರಿಯ ರೇವುಗಳಲ್ಲಿ ಮತ್ತಷ್ಟು ಜನರನ್ನು ಹತ್ತಿಸಿಕೊಂಡು, ಮೇ ೨೩ರಂದು ವ್ಯಾಂಕೂವರ್ ಮುಟ್ಟಿದರು. ಹಡಗಿನಲ್ಲಿ ೩೭೬ ಮಂದಿ; ಬಹುಪಾಲು ಪಂಜಾಬಿನ ಸಿಖ್ಖರು, ಜೊತೆಗೆ ಕೆಲವರು ಮುಸಲ್ಮಾನರು, ಹಿಂದೂಗಳು. ಬ್ರಿಟಿಷ್ ಸೈನ್ಯದಲ್ಲಿ ದುಡಿದವರೂ ಅವರಲ್ಲಿದ್ದರು. ಮೊದಲೇ ಅಲ್ಲಿ ನೆಲಸಿದ್ದ ಇಪ್ಪತ್ತು ಚಿಲ್ಲರೆ ಮಂದಿಯನ್ನು ಬಿಟ್ಟು ಉಳಿದವರನ್ನು ಇಳಿಯಗೊಡಲಿಲ್ಲ. ಎರಡು ತಿಂಗಳ ಕಾಲ ಊರು ಕಣ್ಣಿಗೆ ಕಾಣುತ್ತಿದೆ, ಕಾಲಿಗೆ ಸಿಕ್ಕದು, ಅನ್ನನೀರಿಗೂ ತತ್ವಾರ. ದಡದ ಮೇಲಿದ್ದ ನಮ್ಮವರು ತಮ್ಮ ಕೂಲಿಯ ಹಣವನ್ನು ಕೂಡಿಸಿ ಹಡಗಿನ ಬಾಡಿಗೆಯ ಬಾಕಿಯನ್ನು ಕಟ್ಟಿದರು, ವಕೀಲರನ್ನು ನೇಮಿಸಿದರು. ಎಡ್ವರ್ಡ್ ಬರ್ಡ್ ಎಂಬ ಆ ವಕೀಲರು ಬಿಳಿಯರು. ತಮ್ಮವರ ನಿಷ್ಠುರವನ್ನು ಕಟ್ಟಿಕೊಂಡು ವಾದಿಸಿದರೆಂಬುದನ್ನು ಮರೆಯಬಾರದು. ನ್ಯಾಯಾಲಯ ಒಪ್ಪಲಿಲ್ಲ. ಜುಲೈ ತಿಂಗಳಲ್ಲಿ ಹಡಗನ್ನೇರಲು ಬಂದ ಪೊಲೀಸರನ್ನು ಪ್ರಯಾಣಿಕರು ಕಲ್ಲಿದ್ದಲ ಹೆಂಟೆಗಳಿಂದ ಎದುರಿಸಿದರು. ಕಡೆಗೆ ಯುದ್ಧನೌಕೆಯನ್ನೇ ತಂದು ನಿಲ್ಲಿಸಿ, ಜುಲೈ ೨೩ರಂದು ಅವರನ್ನು ಹಿಂದಕ್ಕೆ ಕಳುಹಿಸಿದರು. ಸೆಪ್ಟೆಂಬರಿನಲ್ಲಿ ಕಲಕತ್ತೆಯ ಬಳಿ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಪರದೇಶ ಬಾಗಿಲು ಮುಚ್ಚಿತು, ಸ್ವದೇಶದ ಸರಕಾರ ಗುಂಡು ಹಾರಿಸಿತು.

ಕೆನಡಾದ ಕಾರ್ಮಿಕರು ಆಗ ಹೇಳಿದ್ದು, ಇವರು ಬಂದರೆ ನಮ್ಮ ಕೂಲಿ ಇಳಿಯುತ್ತದೆ ಎಂದು. ಆ ಭಯವನ್ನು ನಾನು ಹಳಿಯಲಾರೆ. ದುಡಿದು ಉಣ್ಣುವವನಿಗೆ ಅದು ಸಹಜ. ಆದರೆ ಕಡಿಮೆ ಕೂಲಿಗೆ ದುಡಿಸಿಕೊಂಡವರು ಮರದ ಗಿರಣಿಗಳ ಒಡೆಯರು. ಸಿಟ್ಟು ತಿರುಗಿದ್ದು ಬಂದ ಬಡವನ ಮೇಲೆ. ೧೯೬೭ರಲ್ಲಿ ಆ ದೇಶ ಬರುವವರ ವಿದ್ಯೆ, ಕಸುಬು, ಭಾಷೆಗಳಿಗೆ ಅಂಕ ಕೊಡುವ ಪದ್ಧತಿಯನ್ನು ತಂದಿತು. ೨೦೧೬ರ ಮೇ ತಿಂಗಳಲ್ಲಿ ಅಲ್ಲಿನ ಪ್ರಧಾನಿ ಜಸ್ಟಿನ್ ಟ್ರೂಡೊ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೋರಿದರು. ಅಷ್ಟರಲ್ಲಿ ನೂರೆರಡು ವರ್ಷಗಳು ಸಂದಿದ್ದುವು.

ಇನ್ನು ನಮ್ಮ ಮಾತು. ಮಂಗಳೂರು ಉಡುಪಿಗಳಿಂದ, ಧಾರವಾಡ ವಿಜಾಪುರಗಳಿಂದ ಬಂದವರನ್ನು ಈ ನಗರದಲ್ಲಿ ಯಾರೂ ಟಿಕೆಟು ಕೇಳಲಿಲ್ಲ. ದೇಶದ ಯಾವ ಭಾಗದಲ್ಲಾದರೂ ವಾಸಿಸಿ ನೆಲಸುವ ಹಕ್ಕನ್ನು ಸಂವಿಧಾನದ ೧೯ನೆಯ ವಿಧಿ ಕೊಟ್ಟಿದೆ. ಆದರೂ ೧೯೬೦ರ ದಶಕದ ಕೊನೆಯಲ್ಲಿ ಇಲ್ಲಿ ‘ದಕ್ಷಿಣದವರು’ ಎಂದು ನಮ್ಮ ಕಡೆಗೆ ಬೆರಳು ತೋರಿದ ಕಾಲವೊಂದಿತ್ತು. ಹಿರಿಯರು ಅದನ್ನು ಮರೆತಿಲ್ಲ.

೨೦೨೪ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಬಂದೊಡನೆ ತಡೆಹಿಡಿಯಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦, ಉಳಿದವುಗಳಲ್ಲಿ ೭೦ ಸ್ಥಳೀಯರಿಗೆ ಎಂಬುದು ಅದರ ಸಾರ. ಈ ಸುದ್ದಿ ಬಂದಾಗ ನಮ್ಮಲ್ಲಿಯೂ ಚಪ್ಪಾಳೆ ತಟ್ಟಿದವರಿದ್ದರು. ಆದರೆ ‘ಸ್ಥಳೀಯ’ ಎಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, ೧೫ ವರ್ಷ ಅಲ್ಲಿಯೇ ನೆಲಸಿ, ಕನ್ನಡವನ್ನು ಓದಿ ಬರೆದು ಮಾತನಾಡಬಲ್ಲವರು. ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳನ್ನು ನೋಡಿ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತವರು ಅವರಲ್ಲಿದ್ದಾರೆ. ಈಗತಾನೆ ನಾಡಗೀತೆಯನ್ನು ತಪ್ಪಿಲ್ಲದೆ ಹಾಡಿದರು. ಹುಟ್ಟಿದ್ದು ಮಾತ್ರ ಮುಂಬಯಿಯಲ್ಲಿ. ಆ ಮಸೂದೆಯ ಲೆಕ್ಕದಲ್ಲಿ ಇವರು ಬೆಂಗಳೂರಿಗೆ ಹೊರಗಿನವರು. ಕನ್ನಡ ಬಂದರೂ ಸಾಲದು, ಎಡೆಬಿಡದ ಪ್ರಯಾಣ ಆಗಿಲ್ಲ!

ಬಂದವನು ಊರಿನ ಭಾಷೆಯನ್ನು ಕಲಿಯಲಿ ಎನ್ನುವುದು ನ್ಯಾಯವಾದ ಮಾತು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದರು, ಮರಾಠಿಯನ್ನೂ ಕಲಿತರು. ಯಾರೂ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಹುಟ್ಟಿದ ಊರಿನ ಷರತ್ತು ಹಾಗಲ್ಲ. ಎಷ್ಟು ದುಡಿದರೂ ಎಷ್ಟು ಕಲಿತರೂ ಅದನ್ನು ಪೂರೈಸಲು ಬರುವುದಿಲ್ಲ. ಸ್ಥಳೀಯರಿಗೆ ಮೊದಲು ಅನ್ನ ಸಿಕ್ಕಬೇಡವೆ ಎಂದು ತಾವು ಕೇಳಬಹುದು. ಸಿಕ್ಕಬೇಕು. ಆ ಸ್ಥಳೀಯರಲ್ಲಿ ಕನ್ನಡ ಕಲಿತು ಅಲ್ಲಿ ನೆಲಸಿದ ಬಿಹಾರದವನನ್ನೂ ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಒಪ್ಪದ ಮಿತ್ರರು ಈ ಸಂಘದಲ್ಲಿಯೇ ಇದ್ದಾರೆ. ಚಹಾದ ವೇಳೆಗೆ ಅವರ ಕೈಗೆ ಸಿಕ್ಕುವವನೇ ನಾನು. ಮಸೂದೆ ಮತ್ತೊಂದು ರೂಪದಲ್ಲಿ ಬಂದರೆ, ‘ಹುಟ್ಟಿದ’ ಎಂಬ ಒಂದು ಪದವನ್ನು ತೆಗೆದುಹಾಕಿರೆಂದು ನಮ್ಮ ಸಂಘ ಬೆಂಗಳೂರಿಗೆ ಬರೆಯಬೇಕೆಂದು ಕಾರ್ಯಕಾರೀ ಸಮಿತಿಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.