ಹವಳದ ತೊಟ್ಟಿಯ ಬಿರುಗೂದಲ ಹುಳು: ಶತ್ರುವೋ, ಸೇವಕನೋ?

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳಗಳನ್ನು ಸಾಕುವ ಹವ್ಯಾಸಿಗಳು ಈ ಸಭೆಯಲ್ಲಿಯೂ ಕೆಲವರಿದ್ದಾರೆ. ನಾವು ವೈದ್ಯರೆಂಬ ಕಾರಣಕ್ಕೋ ಏನೋ, ಅವರು ನಮ್ಮಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ರಾತ್ರಿ ದೀಪವಾರಿದ ಮೇಲೆ ಬಂಡೆಯ ಸಂದಿಯಿಂದ ಗೇಣುದ್ದದ ಹುಳುವೊಂದು ಹೊರಬರುತ್ತದೆ. ಅದರ ಎರಡೂ ಮಗ್ಗುಲಲ್ಲಿ ಬಿಳಿಯ ಕೂದಲಿನ ಸಾಲು. ಅದನ್ನು ಕೊಲ್ಲಬೇಕೇ, ಬಿಡಬೇಕೇ? ಬಹುಪಾಲು ಸಂದರ್ಭಗಳಲ್ಲಿ ಬಿಡಬೇಕು ಎಂಬುದು ನಮ್ಮ ಉತ್ತರ. ಹುಳುವಿನ ಗಾತ್ರವೊಂದೇ ಅಪರಾಧಕ್ಕೆ ಸಾಕ್ಷಿಯಾಗಲಾರದು. ಅದು ಯಾವ ಪ್ರಭೇದಕ್ಕೆ ಸೇರಿದೆ, ಏನನ್ನು ತಿನ್ನುತ್ತಿದೆ ಎಂಬುದನ್ನು ನೋಡಿಯೇ ತೀರ್ಪು ಕೊಡಬೇಕು.

ಮೊದಲು ಅದರ ಕುಲಗೋತ್ರವನ್ನು ವಿಚಾರಿಸೋಣ. ನಮ್ಮ ಹೊಲದ ಎರೆಹುಳು, ಮಲೆನಾಡಿನ ಜಿಗಣೆ, ಈ ಬಿರುಗೂದಲ ಹುಳು, ಮೂರೂ ವಲಯವಂತಗಳೆಂಬ ಒಂದೇ ವಂಶದವು. ಸಮುದ್ರವಾಸಿಗಳಾದ ಇದರ ಬಂಧುಗಳಿಗೆ ಪಾಲಿಕೀಟಾ ಎಂದು ಹೆಸರು. ಇವುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹವ್ಯಾಸಿಗಳು ಕೊಂಡು ತರುವ ಸಮುದ್ರದ ಬಂಡೆಯ ರಂಧ್ರಗಳಲ್ಲಿ ಅಡಗಿ ಇವು ತೊಟ್ಟಿಯನ್ನು ಸೇರುತ್ತವೆ. ಅಲ್ಲಿ ಹೆಚ್ಚಾಗಿ ಕಾಣಸಿಗುವ ಒಂದು ಬಗೆ ಯೂರಿಥೋ ಎಂಬುದು. ನಸುಗೆಂಪು ಮೈ, ಬಿಳಿಯ ಬಿರುಗೂದಲು, ಬೆಳಕಿಗೆ ಹೆದರುವ ಸ್ವಭಾವ. ತುಂಡಾದರೆ ತುಂಡುಗಳಿಂದ ಮತ್ತೆ ಪೂರ್ಣ ಹುಳುವಾಗಿ ಬೆಳೆಯುವ ಶಕ್ತಿಯೂ ಇದಕ್ಕಿದೆ. ಆದುದರಿಂದ ಕತ್ತರಿಸಿ ಕೊಲ್ಲಹೊರಟವರು ಅದರ ಸಂತತಿಯನ್ನು ಹೆಚ್ಚಿಸಿಯಾರು!

ಇದರ ಆಹಾರ ಮುಖ್ಯವಾಗಿ ಮೀನಿನ ಎಂಜಲು, ಕೊಳೆತ ಪಾಚಿ ಮತ್ತು ಸತ್ತ ಜೀವಿಗಳು. ಬಂಡೆಯ ಹಿಂದೆ ಸತ್ತ ಮೀನೊಂದು ಕೊಳೆಯತೊಡಗಿದರೆ ನೀರಿಗೆ ಅಮೋನಿಯಾ ಸೇರುತ್ತದೆ; ಅದು ಉಳಿದ ಮೀನುಗಳಿಗೂ ಹವಳಗಳಿಗೂ ವಿಷ. ನಮ್ಮ ಕೈ ಹೋಗದ ಸಂದಿಗೆ ಈ ಹುಳು ಹೋಗಿ ಕಳೇಬರವನ್ನು ಬೇಗನೆ ಮುಗಿಸುತ್ತದೆ. ಹಾಗಾದರೆ ಅಪವಾದ ಬಂದದ್ದು ಎಲ್ಲಿಂದ? ಬೆಳಗ್ಗೆ ಎದ್ದು ನೋಡಿದಾಗ ಹವಳವೊಂದು ಸತ್ತಿರುತ್ತದೆ, ಅದರ ಮೇಲೆ ಹುಳುವಿರುತ್ತದೆ. ಹುಳುವೇ ಕೊಂದಿತೆಂದು ನಾವು ನಿರ್ಣಯಿಸಿಬಿಡುತ್ತೇವೆ. ಸತ್ತ ದನದ ಮೇಲೆ ರಣಹದ್ದು ಕುಳಿತದ್ದನ್ನು ಕಂಡು, ದನವನ್ನು ಕೊಂದದ್ದು ಹದ್ದೇ ಎಂದಂತೆ ಇದು.

ರಣಹದ್ದಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಸ್ಮರಿಸಬೇಕು. ಭಾರತದಲ್ಲಿ 1990ರ ದಶಕದಲ್ಲಿ ದನಕರುಗಳಿಗೆ ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು ಧಾರಾಳವಾಗಿ ಕೊಡತೊಡಗಿದರು. ಆ ದನಗಳ ಕಳೇಬರ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ಕೆಲವು ಪ್ರಭೇದಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು. ಕಳೇಬರಗಳು ಊರಾಚೆ ಕೊಳೆತವು, ಬೀದಿನಾಯಿಗಳು ಹೆಚ್ಚಿದವು. ಶುಚಿಮಾಡುವ ಜೀವಿಯ ಬೆಲೆ ಅದು ಇಲ್ಲವಾದ ಮೇಲೆ ತಿಳಿಯುತ್ತದೆ. ಮನೆಯ ತೊಟ್ಟಿಗೂ ಇದೇ ನ್ಯಾಯ.

ಹಾಗೆಂದು ಎಲ್ಲ ಹುಳುಗಳೂ ಸಾಧುಗಳೆಂದು ನಾವು ಹೇಳುತ್ತಿಲ್ಲ. ಅಟ್ಲಾಂಟಿಕ್, ಕೆರಿಬಿಯನ್ ಮತ್ತು ಮೆಡಿಟರೇನಿಯನ್ ಸಮುದ್ರಗಳ ಹರ್ಮೋಡೈಸ್ ಎಂಬ ಬೆಂಕಿಹುಳು ನಿಜವಾಗಿಯೂ ಹವಳಭಕ್ಷಕ. ಕವಲೊಡೆದ ಹವಳದ ತುದಿಯನ್ನು ಬಾಯಿಯಿಂದ ಕವಿದುಕೊಂಡು ಅದರ ಜೀವಂತ ಅಂಗಾಂಶವನ್ನು ತಿನ್ನುತ್ತದೆ. ಹಿಂದೆ ಬಿಳಿಯ ಅಸ್ಥಿಪಂಜರ ಮಾತ್ರ ಉಳಿಯುತ್ತದೆ. ಈ ಹುಳು ಹವಳವನ್ನು ಬಿಳಿಚಿಸುವ ಬ್ಯಾಕ್ಟೀರಿಯವೊಂದಕ್ಕೆ ಚಳಿಗಾಲದಲ್ಲಿ ಆಶ್ರಯವಿತ್ತು, ಬೇಸಗೆಯಲ್ಲಿ ಅದನ್ನು ಹರಡುತ್ತದೆಂದು ಇಸ್ರೇಲಿನ ವಿಜ್ಞಾನಿಗಳು 2003ರಲ್ಲಿ ವರದಿ ಮಾಡಿದರು. ನಮಗೆ ಸೊಳ್ಳೆ ಮಲೇರಿಯ ತಂದಂತೆಯೇ ಇದು. ಅದರ ತಲೆಯ ಮೇಲೆ ಮಡಿಕೆಮಡಿಕೆಯಾದ ಮಾಂಸಲ ಜುಟ್ಟೊಂದು ಎದ್ದು ಕಾಣುತ್ತದೆ, ಅದೇ ಗುರುತು.

ಎರಡನೆಯವನು ಯೂನಿಸ್ ವಂಶದ ಬೇಟೆಗಾರ. ಇದಕ್ಕೆ ಗಟ್ಟಿಯಾದ ದವಡೆಗಳಿವೆ, ತಲೆಯ ಮೇಲೆ ಐದು ಸ್ಪರ್ಶಾಂಗಗಳಿವೆ, ಕಂದು ಮೈಯಲ್ಲಿ ಕಾಮನಬಿಲ್ಲಿನ ಹೊಳಪಿದೆ. ಜಪಾನಿನ ಶಿರಹಾಮದಲ್ಲಿ 2009ರಲ್ಲಿ ಸಿಕ್ಕ ಒಂದು ಹುಳು 299 ಸೆಂಟಿಮೀಟರ್ ಉದ್ದವಿದ್ದು 673 ವಲಯಗಳನ್ನು ಹೊಂದಿತ್ತು. ಅದೇ ವರ್ಷ ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಸಾರ್ವಜನಿಕ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನುಗಳು ಗಾಯಗೊಳ್ಳುತ್ತಿದ್ದವು. ಕೊನೆಗೆ ಬಂಡೆಗಳನ್ನು ಒಂದೊಂದಾಗಿ ತೆಗೆದಾಗ ಸುಮಾರು ನಾಲ್ಕಡಿಯ ಹುಳು ದೊರೆಯಿತು. ದವಡೆ, ಸ್ಪರ್ಶಾಂಗ, ಹೊಳಪು ಈ ಮೂರೂ ಕಂಡರೆ ಮಾತ್ರ ಅದನ್ನು ಹೊರಹಾಕುವ ಯೋಚನೆ ಮಾಡಿರಿ.

ಯೂರಿಥೋದಂಥ ಸಾಧು ಹುಳುಗಳು ನೂರಾರು ಆದರೆ? ಹಾಗೆ ಹೆಚ್ಚುವುದು ರೋಗವಲ್ಲ, ರೋಗಲಕ್ಷಣ. ಸಂತಾನವೃದ್ಧಿಗೆ ಕಾರಣ ಮಿಗುವ ಆಹಾರ. ಮೀನಿಗೆ ಹಾಕುವ ಮೇವನ್ನು ಕಡಿಮೆ ಮಾಡಿದರೆ ಸಂಖ್ಯೆ ತಾನಾಗಿ ಇಳಿಯುತ್ತದೆ. ಅವಸರವಿದ್ದರೆ, ಸೀಗಡಿಯ ತುಂಡಿಟ್ಟ ಕೊಳವೆಯನ್ನು ರಾತ್ರಿ ತೊಟ್ಟಿಯ ತಳದಲ್ಲಿಟ್ಟು ಬೆಳಗ್ಗೆ ಎತ್ತಬಹುದು. ಹುಳುನಾಶಕ ಔಷಧಿಯನ್ನು ಮಾತ್ರ ಸುರಿಯಬೇಡಿ. ಅದು ಬೇಕಾದ ಜೀವಿಗಳನ್ನೂ ಕೊಲ್ಲುತ್ತದೆ. ಬಂಡೆಯೊಳಗೆ ಒಮ್ಮೆಗೇ ಸತ್ತ ನೂರಾರು ಹುಳುಗಳು ಕೊಳೆತು, ಯಾವ ಅಮೋನಿಯಾಕ್ಕೆ ಹೆದರಿದ್ದೆವೋ ಅದನ್ನೇ ತರುತ್ತವೆ.

ಇನ್ನು ನಮ್ಮ ವೃತ್ತಿಗೆ ಸೇರಿದ ಮಾತು. ಈ ಹುಳುವಿನಿಂದ ನಿಜವಾದ ತೊಂದರೆ ಹವಳಕ್ಕಿಂತ ಹೆಚ್ಚಾಗಿ ಸಾಕುವವರ ಕೈಗೆ. ಊರಿನಲ್ಲಿ ಕಂಬಳಿಹುಳು ಮುಟ್ಟಿದವರಿಗೆ ವಿವರಣೆ ಬೇಕಿಲ್ಲ. ಈ ಬಿರುಗೂದಲು ಸುಣ್ಣದ ಅಂಶದಿಂದಾದ ಪೆಡಸು ಮುಳ್ಳು; ಚರ್ಮಕ್ಕೆ ಚುಚ್ಚಿ ಅಲ್ಲಿಯೇ ಮುರಿಯುತ್ತದೆ. ಉರಿ, ಕೆಂಪು, ಬಾವು, ತುರಿಕೆ ಗಂಟೆಗಳಿಂದ ದಿನಗಳವರೆಗೆ ಇರಬಹುದು. ಯೂರಿಥೋದ ಮೈಯಿಂದ ಉರಿಯೂತವನ್ನುಂಟುಮಾಡುವ ಕಾಂಪ್ಲನೈನ್ ಎಂಬ ರಾಸಾಯನಿಕವನ್ನು ಜಪಾನಿನ ಸಂಶೋಧಕರು ಬೇರ್ಪಡಿಸಿದ್ದಾರೆ.

ಚುಚ್ಚಿಕೊಂಡಾಗ ಉಜ್ಜಬಾರದು. ಅಂಟುಪಟ್ಟಿಯನ್ನು ಒತ್ತಿ ಮೆಲ್ಲಗೆ ಎತ್ತಿದರೆ ಬಹಳಷ್ಟು ಮುಳ್ಳುಗಳು ಬರುತ್ತವೆ. ಉಳಿದುದನ್ನು ಚಿಮುಟದಿಂದ ತೆಗೆದು, ಸೋಪಿನಿಂದ ತೊಳೆಯಬೇಕು. ತುರಿಕೆಗೆ ಸ್ಟೀರಾಯ್ಡ್ ಮುಲಾಮು, ಆಂಟಿಹಿಸ್ಟಮೈನ್ ಮಾತ್ರೆ ಸಾಕಾಗುತ್ತವೆ. ಕೆಂಪು ಹರಡಿದರೆ, ಕೀವಾದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಅದೇ ಕೈಯಿಂದ ಕಣ್ಣುಜ್ಜಿದ್ದರೆ ನೀರಿನಿಂದ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ತೊಟ್ಟಿಗೆ ಕೈಹಾಕುವಾಗ ದಪ್ಪ ಕೈಗವಸು ಧರಿಸಿರಿ. ಮಕ್ಕಳಿಗೂ ಇದನ್ನು ಹೇಳಿಕೊಡಿರಿ.

ರೋಗನಿರ್ಣಯವಿಲ್ಲದೆ ಚಿಕಿತ್ಸೆಗೆ ತೊಡಗಬಾರದೆಂಬುದು ವೈದ್ಯಕೀಯದ ಮೊದಲ ಪಾಠಗಳಲ್ಲೊಂದು. ತೊಟ್ಟಿಯ ಹವಳ ಸತ್ತಾಗ ಮೊದಲು ನೀರಿನ ಲವಣಾಂಶ, ಉಷ್ಣತೆ, ಅಮೋನಿಯಾಗಳನ್ನು ಪರೀಕ್ಷಿಸಿರಿ. ಆಮೇಲೆ ಕೆಂಪು ಬೆಳಕಿನ ಟಾರ್ಚು ಹಿಡಿದು, ಹುಳು ಏನು ಮಾಡುತ್ತಿದೆಯೆಂದು ಎರಡು ರಾತ್ರಿ ತಾಳ್ಮೆಯಿಂದ ನೋಡಿರಿ. ಆರೋಗ್ಯವಂತ ಹವಳವನ್ನು ಅದು ತಿನ್ನುವುದು ನಿಮ್ಮ ಕಣ್ಣಿಗೆ ಬೀಳದಿದ್ದರೆ, ಅದರ ಪಾಡಿಗೆ ಅದನ್ನು ಬಿಟ್ಟುಬಿಡಿರಿ.