ಕೇಂದ್ರ ಎಲ್ಲಿಂದ ಬಂತು?

‘ಆಕಾಶವಾಣಿ, ಭದ್ರಾವತಿ ಕೇಂದ್ರ’ ಎಂಬುದನ್ನು ದಿನವೂ ಕೇಳುತ್ತೇವೆ. ಇದರಲ್ಲಿನ ‘ಕೇಂದ್ರ’ ಅಪ್ಪಟ ಸಂಸ್ಕೃತ ಎಂದೇ ನಮ್ಮ ನಂಬಿಕೆ. ಅದರ ಮೂಲ ಮಾತ್ರ ಗ್ರೀಕಿನ ‘ಕೆಂಟ್ರೊನ್’. ಎಂದರೆ ಚುಚ್ಚುವ ಮೊನೆ. ವೃತ್ತ ಎಳೆಯುವಾಗ ಕೈವಾರದ ಮುಳ್ಳು ಊರುವ ಬಿಂದು. ಜ್ಯೋತಿಷದ ಜೊತೆ ಅದು ಭಾರತಕ್ಕೆ ಬಂತು. ಪಶ್ಚಿಮಕ್ಕೆ ಹೋಗಿ ಸ್ಪ್ಯಾನಿಷ್‌ನಲ್ಲಿ ‘ಸೆಂತ್ರೊ’, ಇಂಗ್ಲಿಷ್‌ನಲ್ಲಿ ‘ಸೆಂಟರ್’ ಆಯಿತು.

ಪಂಚಾಂಗದ ‘ಹೋರಾ’ ಕೂಡ ಗ್ರೀಕಿನದೇ. ಸ್ಪ್ಯಾನಿಷ್‌ನ ‘ಓರಾ’, ಇಂಗ್ಲಿಷ್‌ನ ‘ಅವರ್’ ಅದರ ಒಡಹುಟ್ಟುಗಳು. ಅದು ‘ಅಹೋರಾತ್ರ’ದ ಮೊದಲ, ಕೊನೆಯ ಅಕ್ಷರ ಬಿಟ್ಟ ರೂಪವೆಂದು ಕೆಲವರು ಹೇಳುತ್ತಾರೆ ಎಂದು 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ಬರೆದ. ಆದರೆ ಶಾಸ್ತ್ರ ಬಲ್ಲ ಯವನರನ್ನು, ಅಂದರೆ ಗ್ರೀಕರನ್ನು, ಋಷಿಗಳಂತೆ ಗೌರವಿಸುತ್ತಾರೆ ಎಂದವನೂ ಅವನೇ.

ಇನ್ನು ‘ಸುರಂಗ’. ವಿದ್ವಾಂಸರು ಇದನ್ನು ಗ್ರೀಕಿನ ‘ಸಿರಿಂಕ್ಸ್’ಗೆ, ಅಂದರೆ ಕೊಳವೆಗೆ, ಜೋಡಿಸುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಾದಿ ಹಿಡಿಯುವ ಸಿರಿಂಜೂ, ಸ್ಪೇನಿನವರ ‘ಹೆರಿಂಗಾ’ವೂ ಅದೇ ಬೇರಿನವು.

ಕೊಡುಕೊಳ್ಳುವಿಕೆ ಇಲ್ಲದೆ ಯಾವ ನುಡಿಯೂ ಬೆಳೆದಿಲ್ಲ. ಹೊರಗಿನಿಂದ ಮಾತೊಂದು ಬಂದಾಗ ಅದರ ಊರು ವಿಚಾರಿಸೋಣ, ತಪ್ಪಿಲ್ಲ. ಬಾಗಿಲು ಹಾಕುವ ಮೊದಲು, ಅದು ನಮ್ಮ ಕೆಲಸಕ್ಕೆ ಒದಗುತ್ತದೆಯೇ ಎಂದೂ ನೋಡೋಣ.